ಹಾಜರಿ ಪುಸ್ತಕದ ಎರಡನೇ ಹೆಸರು

ಅಪ್ಪಾ,

ಗೆದ್ದುಬಿಟ್ಟೆವು. ನೀವು ಹೆಡ್‌ಮಾಸ್ಟರಾಗಿದ್ದ ಶಾಲೆಯಲ್ಲಿ, ಹೆಸರು ಕೂಗಿದಾಗ ಬಾಯಿ ಬಿಡಲಿಲ್ಲವೆಂದು, ಎದುರಿಗೇ ಕೂತಿದ್ದರೂ ವರ್ಷವಿಡೀ ಗೈರುಹಾಜರಿ ಹಾಕಿಸಿಕೊಂಡಳಲ್ಲ ನಿಮ್ಮ ಮೊಮ್ಮಗಳು? ಇಂದು ಅವಳೇ ಮನೆ ಅದುರುವಂತೆ ಹಾಜರಿ ಕೂಗಿದಳು.

ಶಾಲೆ ಬಿಡಿಸಿ ಮನೆಯಲ್ಲೇ ಓದಿಸುತ್ತೇನೆ ಅಂದಾಗ, "ನನ್ನ ಮರ್ಯಾದೆ ತೆಗೀತಿದೀಯ" ಅಂದಿರಿ. ನನ್ನೊಡನೆ ನೀವು ಆಡಿದ ಕೊನೆಯ ಮಾತೂ ಅದೇ.

ನಾಳೆಯಿಂದ ಮನೆಪಾಠದ ಎರಡನೇ ವರ್ಷ. ನಾನು ಪುಸ್ತಕಗಳಿಗೆ ಬೈಂಡು ಹಾಕಿ ಮುಗಿಸುವಷ್ಟರಲ್ಲಿ ಅವಳು ಗೆರೆ ಎಳೆದು ಹಾಜರಿ ಪುಸ್ತಕ ಮಾಡಿಕೊಂಡು ಎದ್ದುನಿಂತಿದ್ದಳು.

"ಅಮ್ಮ?"

"ಹಾಜರ್, ಟೀಚರ್" ಅಂದೆ.

"ತಾತ?"

ಅವಳು ಗೋಡೆಯ ಮೇಲೆ ಹಾರ ಹಾಕಿದ ನಿಮ್ಮ ಫೋಟೋ ನೋಡಿ, ಪೆನ್ಸಿಲ್‌ನಿಂದ ಟಿಕ್ ಹಾಕಿದಳು.

"ಬಾಯಿ ಬಿಡದಿದ್ರೂ ಪರವಾಗಿಲ್ಲಮ್ಮ. ಬಂದಿದಾರೆ."