ಖಾಲಿ ಕುರ್ಚಿಗೆ ಹದಿನೇಳು ಅಕ್ಷರ

ಮನೆ,
೧೪ನೇ ತಾರೀಕು, ಶುಕ್ರವಾರ ಸಂಜೆ

ಪ್ರೀತಿಯ ಪುಟ್ಟೀ,

ಗಂಟಲು ಹೇಗಿದೆ? ನುಂಗುವಾಗ ನೋವು ಇನ್ನೂ ಇದೆಯೇ? ಆಪರೇಷನ್ ಮಾಡಿದ ಡಾಕ್ಟರು ದಿನಕ್ಕೆ ಹತ್ತು ಮಾತಿಗಿಂತ ಹೆಚ್ಚು ಆಡಬಾರದು ಎಂದಿದ್ದಾರಂತೆ. ಆ ಹತ್ತನ್ನೂ ನೀನು ಜಗಳಕ್ಕೇ ಬಳಸುತ್ತಿದ್ದೀಯೆಂದು ನಿನ್ನ ಚಿಕ್ಕಮ್ಮ ಫೋನಿನಲ್ಲಿ ದೂರಿದಳು. ನಾನು ಆರಾಮ. ಮೊಣಕಾಲು ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ.

ಹೋದ ವಾರ ನೀನು ಕಳಿಸಿದ ರಾಜೀನಾಮೆಯ ಲಕೋಟೆ ಜೇಬಿಗಿಟ್ಟುಕೊಂಡು ಸೋಮವಾರ ಶಾಲೆಗೆ ಹೋದೆ. ‘ದನಿ ಇಲ್ಲದ ಟೀಚರು ಯಾರಿಗೆ ಬೇಕಪ್ಪಾ’ ಎಂದು ಅದರ ಜೊತೆಗಿನ ಚೀಟಿಯಲ್ಲಿ ಬರೆದಿದ್ದೆಯಲ್ಲ, ಅದನ್ನು ಓದಿ ಎರಡು ದಿನ ಊಟ ರುಚಿಸಿರಲಿಲ್ಲ. ಶಾಲೆಯಲ್ಲಿ ನೋಡಿದರೆ ನಿನ್ನ ತರಗತಿಯಿಂದ ಸೂರು ಹಾರಿಹೋಗುವಂಥ ಗಲಾಟೆ. ನಾನು ಬಾಯಿ ತೆರೆಯುವ ಮೊದಲೇ ಹೆಡ್ ಮಿಸ್, "ದೇವರು ಬಂದ ಹಾಗೆ ಬಂದ್ರಿ ಸಾರ್! ಒಂದು ಪೀರಿಯಡ್ ಮಕ್ಕಳನ್ನ ನೋಡ್ಕೊಳ್ಳಿ" ಎಂದು ಒಳಗೆ ತಳ್ಳಿಯೇಬಿಟ್ಟರು. ಮೂವತ್ತನಾಲ್ಕು ವರ್ಷ ತಂತಿ ಕಚೇರಿಯಲ್ಲಿ ಕಟಕಟ ಕುಟ್ಟಿದವನಿಗೆ ಪಾಠ ಮಾಡುವುದೇನು ಗೊತ್ತು?

ಬೋರ್ಡಿನ ಮೂಲೆಯಲ್ಲಿ ನಿನ್ನ ಕೈಬರಹ: ‘ಹೈಕು. ಐದು, ಏಳು, ಐದು. ಕಂಡದ್ದನ್ನು ಬರೆ.’ ನೀನು ಹೋಗಿ ಮೂರು ವಾರವಾದರೂ ಅದನ್ನು ಒರೆಸಲು ಮಕ್ಕಳು ಬಿಟ್ಟಿಲ್ಲ. ಗಣಿತದ ಮೇಷ್ಟ್ರು ಭಾಗಾಕಾರವನ್ನೆಲ್ಲ ಉಳಿದ ಜಾಗದಲ್ಲೇ ಮುದುಡಿಸಿ ಬರೆಯಬೇಕಂತೆ. ಸರಿ, ಕೂರೋಣವೆಂದು ಕುರ್ಚಿ ಎಳೆದರೆ, "ತಾತಾ, ಅದು ಮಿಸ್ ಕುರ್ಚಿ!" ಎಂದು ಒಟ್ಟಿಗೇ ಕಿರುಚಿದವು. ಮೊಣಕಾಲು ತೋರಿಸಿ ಗೋಗರೆದರೂ ಸೊಪ್ಪು ಹಾಕಲಿಲ್ಲ. ಕೊನೆಗೆ ಎಲ್ಲಿಂದಲೋ ಒಂದು ಸ್ಟೂಲು ತಂದುಕೊಟ್ಟವು.

ಮೂರು ಸಾಲು, ಹದಿನೇಳು ಅಕ್ಷರದಲ್ಲಿ ಹೇಳಿ ಮುಗಿಸುವುದೆಂದರೆ ತಂತಿಯೇ ತಾನೇ ಎಂದುಕೊಂಡು, ನನಗೆ ಗೊತ್ತಿದ್ದುದನ್ನೇ ಹೇಳಿಕೊಟ್ಟೆ. ಮೊದಲ ಸಾಲಿನಲ್ಲಿ ಎಲ್ಲಿ, ಎರಡನೆಯದರಲ್ಲಿ ಏನಾಯಿತು, ಮೂರನೆಯದರಲ್ಲಿ ಓದಿದವರು ಏನು ಮಾಡಬೇಕು. ಬೇಡದ ಪದವನ್ನೆಲ್ಲ ಹೊಡೆದುಹಾಕಿ ಎಂದೆ. ಒಂದು ಕೈಯಲ್ಲಿ ಪೆನ್ಸಿಲ್ ಇತ್ತಲ್ಲ, ಉಳಿದದ್ದು ಐದೇ ಬೆರಳು; ಏಳು ಎಣಿಸಲು ಪಕ್ಕದವರ ಎರಡು ಬೆರಳು ಹಿಡಿದುಕೊಂಡು ಬರೆದವು. ಇಡೀ ತರಗತಿ ಕೈ ಕೈ ಹಿಡಿದು ಕೂತಿತ್ತು, ನೀನು ನೋಡಬೇಕಿತ್ತು. ಓದಿಸಿದಾಗಲೇ ನನ್ನ ಎಡವಟ್ಟು ತಿಳಿದದ್ದು. ಮೂವತ್ತೊಂದರಲ್ಲಿ ಮೂವತ್ತು ಹೈಕುಗಳ ಕೊನೆಯ ಸಾಲು ಒಂದೇ:

ಕಿಟಕಿಯಾಚೆ
ಗುಬ್ಬಿಮರಿ ಮೂರಿವೆ
ಕೂಡಲೇ ಬನ್ನಿ

ನೆಗಡಿಗೂ ಕೂಡಲೇ ಬನ್ನಿ, ಹರಿದ ಚೆಂಡಿಗೂ ಕೂಡಲೇ ಬನ್ನಿ! ಹೆಡ್ ಮಿಸ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನಗೆ ನಾಚಿಕೆಯಾಯಿತು, ಒಳಗೊಳಗೇ ಖುಷಿಯೂ ಆಯಿತು. ಅಂದಿನಿಂದ ದಿನಾ ಹೋಗುತ್ತಿದ್ದೇನೆ.

ಒಂದು ಮಾತು ಹೇಳುತ್ತೇನೆ, ಸಿಟ್ಟಾಗಬೇಡ. ಈ ಪಾಠಕ್ಕೆ ಗಂಟಲು ಬೇಕೇ ಆಗಲಿಲ್ಲ. ನಾನು ಉದ್ದುದ್ದ ಮಾತಾಡಿದ ದಿನ ಅವು ಕೆಟ್ಟದಾಗಿ ಬರೆದವು, ಸುಮ್ಮನೆ ಕಿಟಕಿಯತ್ತ ಬೆರಳು ತೋರಿಸಿದ ದಿನ ಚೆನ್ನಾಗಿ ಬರೆದವು. ದಿನಕ್ಕೆ ಹತ್ತು ಮಾತು ಧಾರಾಳವಾಯಿತು.

ಬಿಸಿನೀರು ಕುಡಿ. ಚಿಕ್ಕಮ್ಮನ ಮೇಲೆ ರೇಗಬೇಡ, ನಾನು ಕೇಳಿದೆನೆಂದು ಹೇಳು. ನೀನು ನಗುನಗುತ್ತಾ ಇರಬೇಕೆಂದು ಹರಸುವ,

ನಿನ್ನ ಅಪ್ಪ

ವಿ.ಸೂ.: ರಾಜೀನಾಮೆ ಇನ್ನೂ ಕೊಟ್ಟಿಲ್ಲ. ಆ ಮೂವತ್ತೊಂದನೆಯ ಹೈಕು ಕೊನೆಯ ಬೆಂಚಿನ, ಬಾಯಿಯೇ ಬಿಡದ ಹುಡುಗಿಯದು. ಅವಳ ಪುಸ್ತಕದಲ್ಲಿ ಹಾಳೆ ಮುಗಿದಿತ್ತು. ಜೇಬಿನಲ್ಲಿ ಕೈಗೆ ಸಿಕ್ಕಿದ್ದನ್ನು ಕೊಟ್ಟುಬಿಟ್ಟೆ. ಅದು ನಿನ್ನ ಲಕೋಟೆಯೆಂದು ಹೊಳೆಯುವಷ್ಟರಲ್ಲಿ ಅದರ ಹಿಂಬದಿಯಲ್ಲಿ ಬರೆದಾಗಿತ್ತು:

ಮಿಸ್ಸಿನ ಕುರ್ಚಿ
ಯಾರೂ ಕೂರುವುದಿಲ್ಲ
ಧೂಳೂ ಕೂತಿಲ್ಲ

ದಿನಾ ಬೆಳಿಗ್ಗೆ ಒರೆಸುವವಳು ಅವಳೇ ಅಂತೆ. ಕೈಗೆ ಬಂದ ಒಂದೇ ಒಂದು ಸುದ್ದಿಯನ್ನೂ ಮೂವತ್ತನಾಲ್ಕು ವರ್ಷದಲ್ಲಿ ತಲುಪಿಸದೆ ಬಿಟ್ಟವನಲ್ಲ ನಾನು. ಇದೊಂದು ನನ್ನಿಂದಾಗದು ಮಗಳೇ. ಕೊಡಲೇಬೇಕೆಂದಿದ್ದರೆ ನೀನೇ ಬಂದು, ಆ ಕುರ್ಚಿಯಲ್ಲಿ ಕೂತು, ಹೊಸದಾಗಿ ಬರೆದುಕೊಡು. ಡಾಕ್ಟರು ಹೂಂ ಎನ್ನಲಿ, ಕೂಡಲೇ ಬಾ.