ಹಿಂದಿನ ಗಾಜಿನ ಮೇಲಿನ ಹೆಸರುಗಳು

ಉಣಕಲ್, ಹುಬ್ಬಳ್ಳಿ
ಸೋಮವಾರ, ೧೮ ನವೆಂಬರ್ ೨೦೨೪

ವಿಜಯೀಂದ್ರ ಅವರಿಗೆ ಮೈತ್ರೇಯಿಯ ನಮಸ್ಕಾರ.

ಹೀಗೆ ಹೆಸರು ಹಿಡಿದು ಕರೆದಿದ್ದಕ್ಕೆ ಸಿಟ್ಟಾಗಬೇಡಿ. ವರ್ಷದಿಂದ ಕೋರ್ಟಿನ ಕಾಗದಗಳಲ್ಲಿ ನಿಮ್ಮ ಹೆಸರು ಬರೆದು ಬರೆದು ಕೈಗೆ ರೂಢಿಯಾಗಿಬಿಟ್ಟಿದೆ. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀವು ಹೂಂ ಅನ್ನುವ ಮೊದಲೇ ನಾನು ಜಗಳಕ್ಕೆ ಇಳಿಯುತ್ತೇನೆ, ಅದು ನಿಮಗೂ ಗೊತ್ತು. ನಿಮಗೆ ಒಂದಕ್ಷರವನ್ನೂ ಬರೆಯಬೇಡಿ ಎಂದು ನನ್ನ ವಕೀಲರು ಎಚ್ಚರಿಸಿದ್ದಾರೆ. ಮಕ್ಕಳು ಯಾರ ಹತ್ತಿರ ಇರಬೇಕು ಎಂದು ಮುಂದಿನ ತಿಂಗಳು ತೀರ್ಮಾನವಾಗುವಾಗ ನೀವು ಈ ಕಾಗದವನ್ನು ಜಡ್ಜರ ಮುಂದೆ ಇಟ್ಟರೆ ನನ್ನ ಕತೆ ಮುಗಿಯಿತು. ಗೊತ್ತಿದ್ದೇ ಬರೆಯುತ್ತಿದ್ದೇನೆ.

ಶನಿವಾರ ಮಧ್ಯಾಹ್ನ ಶಾಲೆಯ ಗೇಟಿನಲ್ಲಿ ನೀವೆಲ್ಲ ಸೇರಿ ಹೊಡೆದಿರಲ್ಲ, ಆ ಮನುಷ್ಯ ಮಕ್ಕಳ ಕಳ್ಳನಲ್ಲ. ಅವನ ಹೆಸರು ಹುಚ್ಚಪ್ಪ, ಊರು ಉಪ್ಪಿನಬೆಟಗೇರಿ, ಬಾಡಿಗೆ ಕಾರು ಓಡಿಸುತ್ತಾನೆ. ಬಂದದ್ದು ನನ್ನ ಬ್ಯಾಗು ಕೊಡಲು. ಕೈಗೆ ಹಾಕಿಕೊಂಡಿದ್ದ ಪ್ಲಾಸ್ಟರ್ ಸೋಗು ಎಂದು ಯಾರೋ ಅದನ್ನು ಎಳೆದು ಕಿತ್ತರಂತೆ. ಸೋಗಲ್ಲ. ಆ ಕೈ ಮುರಿದವಳು ನಾನು.

ಈಗ ಕೂತುಕೊಂಡು ಓದಿ.

ನನ್ನ ತಿರುಗಾಟದ ಬಗ್ಗೆ ನಿಮ್ಮ ಅರ್ಜಿಯಲ್ಲಿ ಚೆನ್ನಾಗಿಯೇ ಬರೆಸಿದ್ದೀರಿ. ವಾರದಲ್ಲಿ ನಾಲ್ಕು ದಿನ ತಾಯಿ ಮನೆಯಲ್ಲೇ ಇರುವುದಿಲ್ಲವಂತೆ. ಖರೇ ಮಾತು. ಡಯಾಲಿಸಿಸ್ ಯಂತ್ರಗಳು ತಾವಾಗಿ ನಡೆದುಕೊಂಡು ಆಸ್ಪತ್ರೆಗಳಿಗೆ ಹೋಗುವುದಿಲ್ಲ, ಯಾರಾದರೂ ಮಾರಬೇಕಾಗುತ್ತದೆ. ಆದರೆ ಆ ನಾಲ್ಕು ದಿನ ಹೇಗಿರುತ್ತವೆ ಎಂದು ನೀವು ಒಂದು ಸಲವೂ ಕೇಳಲಿಲ್ಲ. ಹೋದ ವರ್ಷ ಕಿತ್ತೂರಿನ ಆಚೆ ಬೈಕಿನಲ್ಲಿ ಇಬ್ಬರು ನನ್ನ ಕಾರಿನ ಪಕ್ಕಕ್ಕೇ ಬಂದು, ನಗುನಗುತ್ತ, ಬಾಟಲಿಯಿಂದ ಕಿಟಕಿ ಒಡೆದರು. ಗಾಜಿನ ಚೂರು ಕಿವಿಯ ಹಿಂದೆ ಹೊಕ್ಕಿತ್ತು. ನಿಮಗೆ ನಾನು ಬಾತ್‌ರೂಮಿನಲ್ಲಿ ಜಾರಿಬಿದ್ದೆ ಎಂದು ಹೇಳಿದೆ. ಜನವರಿಯಲ್ಲಿ ದಿಲ್ಲಿಯಲ್ಲಿ ಮಂಜು ಕವಿದು ವಿಮಾನ ತಡವಾದಾಗ, ಟೈ ಕಟ್ಟಿಕೊಂಡ ಇಬ್ಬರು ಗೃಹಸ್ಥರು ಸಾಲಿನಲ್ಲಿ ಯಾರು ಮುಂದೆ ಎಂದು ಬಡಿದಾಡಿ, ಒಬ್ಬರ ಹಲ್ಲು ನನ್ನ ಚಪ್ಪಲಿಯ ಹತ್ತಿರ ಬಂದು ಬಿತ್ತು. ಉಳಿದವರು ಮೊಬೈಲ್ ಎತ್ತಿ ಹಿಡಿದರು. ನಾನೂ ಹಿಡಿದೆ ಅನ್ನಿ.

ಕಿತ್ತೂರಿನ ಬಾಟಲಿಯ ಮರುದಿನದಿಂದ ಚಕ್ರ ಬಿಚ್ಚುವ ಸ್ಪ್ಯಾನರನ್ನು ಡಿಕ್ಕಿಯಿಂದ ತೆಗೆದು ನನ್ನ ಸೀಟಿನ ಕೆಳಗೆ ಇಟ್ಟುಕೊಂಡೆ. ವಿಮಾನ ನಿಲ್ದಾಣದ ಒಳಗೆ ಅಮ್ಮ ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿಯನ್ನೂ ತಿರುವಿ ಮುರುವಿ ನೋಡುತ್ತಾರೆ. ಹೊರಗೆ ಬಂದ ಮೇಲೆ ಯಾರು ಏನು ಇಟ್ಟುಕೊಂಡಿದ್ದಾರೆ ಎಂದು ಕೇಳುವವರಿಲ್ಲ.

ಕಳೆದ ಬುಧವಾರ ಸಂಜೆ ಮುಂಬೈಯಿಂದ ಇಳಿದೆ. ಅಲ್ಲಿ ಒಬ್ಬ ಡಾಕ್ಟರು ಎಲ್ಲರೆದುರು ನನ್ನನ್ನು ಬೈದು ಕಳಿಸಿದ್ದರು, ತಲೆ ಮೊದಲೇ ಕಾದಿತ್ತು. ಪಾರ್ಕಿಂಗಿನಲ್ಲಿ ನನ್ನ ಕಾರಿಗೆ ಅಡ್ಡವಾಗಿ ಒಂದು ಬಿಳಿ ಬಾಡಿಗೆ ಕಾರು ನಿಂತಿತ್ತು. ಚೀಲಗಳನ್ನು ಕಾರಿಗೆ ತುಂಬಿ, ಹಾರ್ನಿನ ಮೇಲೆ ಕೈ ಇಟ್ಟವಳು ತೆಗೆಯಲೇ ಇಲ್ಲ. ಅವನು ಬಂದು, “ಏನ್ರಿ ಅಕ್ಕಾರ, ಹಾರ್ನ್ ಒತ್ತಿದ್ರ ನನ್ನ ಗಾಡಿ ಹಾರತೈತೇನ್ರಿ?” ಅಂದ. ನಾನು ಅವನ ಅಪ್ಪನನ್ನು ಎಳೆದು ತಂದು ಮಾತಾಡಿದೆ. ಅವನು ನನ್ನ ಬಾನೆಟ್ಟಿನ ಮೇಲೆ ಗುದ್ದಿದ. ಆಮೇಲೆ ಗಾಡಿ ಸರಿಸಿದ. ನಾನು ಹೊರಟೆ. ನೀಲಿ ಬ್ಯಾಗು ಟ್ರಾಲಿಯ ಮೇಲೆಯೇ ಉಳಿದಿತ್ತು, ಅದು ಆಗ ನನಗೆ ಗೊತ್ತಿಲ್ಲ.

ಗೋಕುಲ ರೋಡಿಗೆ ಬರುವಷ್ಟರಲ್ಲಿ ಕನ್ನಡಿಯಲ್ಲಿ ಅದೇ ಬಿಳಿ ಕಾರು. ಲೈಟು ಹೊಡೆಯುತ್ತಾನೆ, ಹಾರ್ನು ಹಾಕುತ್ತಾನೆ, ಕಿಟಕಿಯಿಂದ ಕೈ ಹೊರಗೆ ಹಾಕಿ ಏನೋ ಒದರುತ್ತಾನೆ. ಅವನಿಗೆ ನಮ್ಮ ಮನೆ ಗೊತ್ತಾಗಬಾರದೆಂದು ನಾನು ಉಣಕಲ್ ಕಡೆ ತಿರುಗದೆ ಬೈಪಾಸ್ ಹಿಡಿದೆ. ಅಲ್ಲಿ ರಸ್ತೆ ಕೆಲಸ, ಲಾರಿಗಳು ಸಾಲಾಗಿ ನಿಂತಿದ್ದವು. ಮುಂದೆ ದಾರಿಯಿಲ್ಲ. ಅವನು ಇಳಿದು ಓಡಿ ಬಂದು ಅಂಗೈಯಿಂದ ನನ್ನ ಗಾಜು ಬಡಿದ.

ಗಾಜು ಇಳಿಸಿ ಏನು ಎಂದು ಕೇಳಬಹುದಿತ್ತು. ನಾನು ಬಾಗಿಲನ್ನು ಜೋರಾಗಿ ಅವನ ಮೈಮೇಲೆಯೇ ತೆರೆದೆ, ಸ್ಪ್ಯಾನರ್ ಹಿಡಿದು ಇಳಿದೆ, ಬೀಸಿದೆ. ತಲೆ ಉಳಿಸಿಕೊಳ್ಳಲು ಅವನು ಬಲಗೈ ಅಡ್ಡ ಹಿಡಿದ. ಎಲುಬು ಮುರಿದದ್ದು ಕೇಳಿಸಿತು. ಅವನು ಕುಸಿದು ಕೂತ. ಅಲ್ಲಿಗೆ ಮುಗಿಯಬೇಕಿತ್ತು. ಕೂತವನ ಹೆಗಲಿಗೆ ಇನ್ನೊಂದು ಕೊಟ್ಟೆ. ಅದು ಹೆದರಿಕೆಯಿಂದ ಕೊಟ್ಟದ್ದಲ್ಲ. ಆ ಬಾಟಲಿಯವರಿಗೆ, ಆ ಡಾಕ್ಟರಿಗೆ, ನಿಮಗೆ ಕೊಡಬೇಕಾದದ್ದನ್ನೆಲ್ಲ ಅವನಿಗೆ ಕೊಟ್ಟೆ. ಲಾರಿಯ ಮೇಲಿಂದ ಯಾರೋ ಕೂಗಿದರು. ನಾನು ಕಾರನ್ನು ರಸ್ತೆಯ ಪಕ್ಕದ ಮಣ್ಣಿಗೆ ಇಳಿಸಿ ಹೋಗಿಬಿಟ್ಟೆ. ಅವನ ಇನ್ನೊಂದು ಕೈಯಲ್ಲಿ ಏನಿತ್ತು ಎಂದು ನಾನು ನೋಡಲಿಲ್ಲ.

ಅಷ್ಟು ದೂರವೂ ಅವನ ಕಣ್ಣೆದುರು ಇದ್ದದ್ದು ನನ್ನ ಕಾರಿನ ಹಿಂಬದಿ. ಹಿಂದಿನ ಗಾಜಿನ ಮೇಲೆ ಏನಿದೆ ಎಂದು ನಿಮಗೆ ಹೇಳಬೇಕಿಲ್ಲ. ಕಾರು ತಂದ ವಾರವೇ ನೀವು ಕೇಶ್ವಾಪುರಕ್ಕೆ ಒಯ್ದು, ಬಿಳಿ ಅಕ್ಷರದಲ್ಲಿ ‘ಚಿನ್ಮಯೀ – ಅತುಲ’ ಎಂದು ಬರೆಸಿಕೊಂಡು ಬಂದಿರಿ. ಕೆಳಗೆ ಶಾಲೆಯವರು ಕೊಟ್ಟ, ಶಾಲೆಯ ಹೆಸರಿನ ಸ್ಟಿಕ್ಕರ್ ಅಂಟಿಸಿದವಳು ನಾನು. ಈ ಊರಲ್ಲಿ ಯಾರ ಗಾಡಿಯ ಮೇಲೆ ಮಕ್ಕಳ ಹೆಸರಿಲ್ಲ ಹೇಳಿ. ನಾವೂ ಬರೆಸಿದೆವು.

ಗುರುವಾರ ಗುರುತಿಲ್ಲದ ನಂಬರಿನಿಂದ ಫೋನು ಬಂತು. “ಅಕ್ಕಾರ, ನಾ ಏರ್‌ಪೋರ್ಟಿನ್ಯಾಂವ ಮಾತಾಡಾಕತ್ತೇನ್ರಿ…” ಎನ್ನುತ್ತಿದ್ದಂತೆ ಕತ್ತರಿಸಿ, ಆ ನಂಬರು ಬರದ ಹಾಗೆ ಮಾಡಿದೆ. ಬ್ಯಾಗಿನಲ್ಲಿದ್ದ ನನ್ನ ಕಾರ್ಡು ನೋಡಿ ಮಾಡಿದ್ದನೆಂದು ಈಗ ಅರ್ಥವಾಗುತ್ತದೆ. ಆಗ ಬೆದರಿಸಲು ಮಾಡಿದ ಅಂದುಕೊಂಡೆ. ಆದರೂ ಪೊಲೀಸರಿಗೆ ಹೇಳಲಿಲ್ಲ. ಹೇಳಿದರೆ ಕೇಸಾಗುತ್ತದೆ, ಕೇಸಾದರೆ ನಿಮ್ಮ ವಕೀಲರಿಗೆ ಹಬ್ಬ. ಮಕ್ಕಳನ್ನು ಅಡುಗೆಗೆ ಬರುವ ರೆಹಮತ್‌ಬಿಗೆ ಒಪ್ಪಿಸಿ ಶುಕ್ರವಾರ ಬೆಂಗಳೂರಿಗೆ ಹೋದೆ. ಆಕೆಗೂ ಏನೂ ಹೇಳಲಿಲ್ಲ.

ಶನಿವಾರ ಸಂಜೆ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ, ಹುಬ್ಬಳ್ಳಿಯ ವಿಮಾನಕ್ಕೆ ಕಾಯುತ್ತಿದ್ದವರೆಲ್ಲರ ಮೊಬೈಲಿನಲ್ಲಿ ಒಂದೇ ವಿಡಿಯೋ. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುದ್ದಿ ವಾರದಿಂದಲೇ ವಾಟ್ಸಾಪಿನಲ್ಲಿ ಹರಿದಾಡುತ್ತಿತ್ತಲ್ಲ. ಪಕ್ಕದ ಯಜಮಾನರು ನನಗೂ ತೋರಿಸಿ, “ಹಿಂಗ ಬಡೀಬೇಕ್ರಿ ಇಂಥವರಿಗೆ” ಅಂದರು. ನೋಡಿದರೆ ಗುಂಪಿನ ನಡುವೆ ನೀವು. ಜಿರಲೆಯನ್ನೂ ಕಾಗದದ ಮೇಲೆ ಹತ್ತಿಸಿಕೊಂಡು ಹೊರಗೆ ಬಿಡುವ ನೀವು, ಅಂಗಿಯ ತೋಳು ಮಡಚಿ, ಬೂಟುಗಾಲಿನಿಂದ ಮನುಷ್ಯನೊಬ್ಬನ ಪಕ್ಕೆಗೆ ಒದೆಯುತ್ತಿದ್ದಿರಿ. ಸುಳ್ಳು ಯಾಕೆ ಹೇಳಲಿ, ನನಗೆ ಮೊದಲು ಹೆಮ್ಮೆಯಾಯಿತು. ನನ್ನ ಮಕ್ಕಳಿಗಾಗಿ ಇಷ್ಟು ಸಿಟ್ಟಾಗಬಲ್ಲ ಗಂಡಸಿನ ಜೊತೆ ಮತ್ತೆ ಸಂಸಾರ ಮಾಡಬಹುದು ಅಂತಲೂ ಅನ್ನಿಸಿತು. ಅಷ್ಟರಲ್ಲಿ ವಿಡಿಯೋ ತೆಗೆಯುತ್ತಿದ್ದವನು ಮೊಬೈಲನ್ನು ಕೆಳಗೆ ತಿರುಗಿಸಿದ. ರಕ್ತದಲ್ಲಿ ನನ್ನ ನೀಲಿ ಬ್ಯಾಗು ಬಿದ್ದಿತ್ತು. ಆಮೇಲೆ ಆ ಮುಖವೂ ಕಂಡಿತು.

ಗೇಟಿನಲ್ಲಿ ನಡೆದದ್ದನ್ನು ಚಿನ್ಮಯೀ ಹೇಳಿದಳು. ನೀವು ಬರುವ ಮೊದಲೇ ಅವನು ಬಂದು, “ಚಿನ್ಮಯೀ, ಅತುಲ ಅನ್ನೋ ಹುಡುಗರು ಯಾರ್ರಿ? ಅವರವ್ವಂದು ಒಂದು ಬ್ಯಾಗ ಐತ್ರಿ” ಎಂದು ಕೇಳಿದನಂತೆ. ಹುಡುಗರ ಹೆಸರು ನಿನಗೆ ಹೇಗೆ ಗೊತ್ತು ಎಂದು ಯಾರೋ ಕೇಳಿದರಂತೆ. “ಗಾಡಿ ಮ್ಯಾಲ ಓದೇನ್ರಿ” ಅಂದನಂತೆ. ಅಷ್ಟೇ ಸಾಕಾಯಿತು. ಪ್ರತಿ ಶನಿವಾರದ ಹಾಗೆ ನೀವು ಮಕ್ಕಳನ್ನು ಕರೆದೊಯ್ಯಲು ಬಂದಾಗ ಅವನು ಆಗಲೇ ನೆಲದ ಮೇಲಿದ್ದ, ನಿಮ್ಮ ಮಕ್ಕಳನ್ನೇ ಕದಿಯಲು ಬಂದಿದ್ದ ಎಂದು ಜನ ನಿಮಗೆ ಹೇಳಿದರು. ನಿಮ್ಮ ಜಾಗದಲ್ಲಿ ನಾನಿದ್ದರೆ ನಾನೂ ಒದೆಯುತ್ತಿದ್ದೆ. ನನ್ನದು ಏನೂ ಕಡಿಮೆಯಲ್ಲ.

ನಿನ್ನೆ ಆಸ್ಪತ್ರೆಗೆ ಹೋಗಿದ್ದೆ. ಯಂತ್ರ ನೋಡಲು ಬಂದಿದ್ದೇನೆ ಅಂದರೆ ನನ್ನನ್ನು ಯಾರೂ ತಡೆಯುವುದಿಲ್ಲ. ಐಸಿಯು ಬಾಗಿಲಲ್ಲಿ ಪೊಲೀಸರು, ಗೋಡೆಗೆ ಒರಗಿ ಅವನ ಹೆಂಡತಿ ಶೇವಂತೆವ್ವ. ಆಕೆಯ ಹತ್ತಿರ ಯಾರೂ ಕೂತಿರಲಿಲ್ಲ, ಕಳ್ಳನ ಹೆಂಡತಿಯಲ್ಲವೇ. ನಾನು ಕೂತೆ. ಕೇಳದೆಯೇ ಹೇಳತೊಡಗಿದಳು. “ಪೊಲೀಸ್ರಿಗಿ ಕೊಟ್ಟ ಬಾ ಅಂದೇನ್ರಿ ಬ್ಯಾಗ. ಕೇಳಲಿಲ್ಲ. ಪೊಲೀಸ್ರಿಗಿ ಕೊಟ್ರ ಕೈ ಹೆಂಗ ಮುರೀತು ಅಂತ ಕೇಳ್ತಾರ, ಆಕಿ ಮ್ಯಾಲ ಕೇಸ್ ಆಕ್ಕೈತಿ. ಸಣ್ಣ ಹುಡುಗ್ರದಾವ ಆಕಿಗಿ, ಹೆದರಿ ಹೊಡದಾಳ, ಕೊಟ್ಟು ಬಂದ್ಬಿಡ್ತೇನಿ ಅಂತ ಹ್ವಾದ್ರಿ.” ಆಕೆಗೆ ನಾನು ಯಾರೆಂದು ಹೇಳಲಿಲ್ಲ. ಆಕೆ ನನ್ನ ಕೈ ಹಿಡಿದುಕೊಂಡಿದ್ದಳು, ಅದೇ ಸ್ಪ್ಯಾನರ್ ಹಿಡಿದ ಕೈ, ಬಿಡಿಸಿಕೊಳ್ಳಲೂ ಆಗಲಿಲ್ಲ.

ಪಕ್ಕೆಲುಬುಗಳು ಮುರಿದಿವೆ, ತಲೆಯೊಳಗೆ ರಕ್ತ ಹೆಪ್ಪುಗಟ್ಟಿದೆ. ಉಳಿಯುವುದು ಕಷ್ಟ ಎನ್ನುತ್ತಾರೆ ಡಾಕ್ಟರು. ಉಳಿದರೂ ಮಕ್ಕಳ ಅಪಹರಣದ ಕೇಸಿನ ಆರೋಪಿಯಾಗಿಯೇ ಎಚ್ಚರಗೊಳ್ಳುತ್ತಾನೆ. ಅವನು ಕಳ್ಳನಲ್ಲ ಎಂದು ಹೇಳಬಲ್ಲವಳು ನಾನು. ಬಾಯಿ ಮುಚ್ಚಿಕೊಂಡರೆ ನನ್ನ ಮಕ್ಕಳು ನನಗೆ ಉಳಿಯುತ್ತಾರೆ. ಎರಡು ರಾತ್ರಿ ಇದನ್ನೇ ಯೋಚಿಸಿದೆ, ಮುಚ್ಚಿಕೊಳ್ಳೋಣ ಎಂದೂ ಯೋಚಿಸಿದೆ.

ನಾಳೆ ಬೆಳಿಗ್ಗೆ ಸ್ಟೇಷನ್ನಿಗೆ ಹೋಗುತ್ತೇನೆ. ಬ್ಯಾಗು ನನ್ನದು, ಕೈ ಮುರಿದವಳು ನಾನು, ಎರಡನೇ ಏಟೂ ನನ್ನದು ಎಂದು ಬರೆದುಕೊಡುತ್ತೇನೆ. ನೀವು ಒದ್ದದ್ದನ್ನು ನಾನು ಹೇಳಬೇಕಾಗಿಲ್ಲ, ಊರೇ ನೋಡಿದೆ. ಧಾರವಾಡದಲ್ಲಿ ನಿಮ್ಮ ಓಣಿಯವರು ನಿಮಗೆ ಶಾಲು ಹೊದಿಸಿದರಂತೆ. ಅದನ್ನು ತೆಗೆದಿಡಿ. ಸಾಧ್ಯವಾದರೆ ನೀವೂ ಬನ್ನಿ. ಇಬ್ಬರನ್ನೂ ಒಳಗೆ ಹಾಕಿದರೆ ಮಕ್ಕಳನ್ನು ನನ್ನ ಅಮ್ಮ ನೋಡಿಕೊಳ್ಳುತ್ತಾಳೆ. ನನ್ನೊಬ್ಬಳನ್ನೇ ಹಾಕಿದರೆ ಅವರು ನಿಮ್ಮವರೇ, ನಾನು ತಕರಾರು ಮಾಡುವುದಿಲ್ಲ. ಇಷ್ಟು ಬರೆಯಲು ನನಗೆ ಎಷ್ಟು ಸಂಕಟವಾಯಿತು ಎಂದು ನಿಮಗೆ ಗೊತ್ತಾಗಲಿ.

ಇನ್ನೂ ನಿಮ್ಮ ಮನೆತನದ ಹೆಸರನ್ನೇ ಬರೆದುಕೊಳ್ಳುತ್ತಿರುವ,
ಮೈತ್ರೇಯಿ

ತಾ.ಕ.: ಒಂದು ವಿಷಯವನ್ನು ಬರೆಯಲಾರದೆ ಬಿಟ್ಟಿದ್ದೆ. ಅದು ವಿಡಿಯೋದಲ್ಲಿ ಇಲ್ಲ. ನಿನ್ನೆ ಊಟಕ್ಕೆ ಕೂತಾಗ ಅತುಲ ತಾನಾಗಿಯೇ ಹೇಳಿದ. “ಅಮ್ಮಾ, ಅಪ್ಪ ಒದ್ದಮ್ಯಾಲೆ ನಾನೂ ಒದ್ದೆ. ಮಾರಿಗೇ ಬಿತ್ತು. ಅಪ್ಪ ನೋಡಿ ಶಾಬಾಸ್ ಅಂದ್ರು.” ಒಂಬತ್ತು ವರ್ಷದವನು. ಅನ್ನ ಕಲಸುತ್ತ ನಗುತ್ತಿದ್ದ. ಇವತ್ತು ಶಾಲೆಗೆ ರಜೆ, ಬೆಳಿಗ್ಗೆಯಿಂದ ಅಂಗಳದಲ್ಲಿ ಗೆಳೆಯರಿಗೆ ಹೇಗೆ ಒದ್ದೆನೆಂದು ಮಾಡಿ ತೋರಿಸುತ್ತಿದ್ದಾನೆ. ಸ್ಟೇಷನ್ನಿಗೆ ನಾನು ಒಬ್ಬಳೇ ಹೋಗಬಲ್ಲೆ. ಅವನಿಗೆ ಹೇಳುವುದು ನನ್ನೊಬ್ಬಳಿಂದ ಆಗುವುದಿಲ್ಲ. ಈ ಕಾಗದವನ್ನು ರೆಹಮತ್‌ಬಿಯ ಕೈಯಲ್ಲೇ ಕಳಿಸುತ್ತಿದ್ದೇನೆ, ಇವತ್ತೇ ಬನ್ನಿ.