ಬಲ ರೆಕ್ಕೆ ಏಳು ಗ್ರಾಂ ಭಾರ

ರೀ,

ನಮ್ಮ ಆಟದ ವಿಮಾನದ, ಆ ಗ್ಲೈಡರಿನ, ಅಂಟು ಒಣಗಿತ್ತು, ಕ್ಲಿಪ್ ತೆಗೆದು ಅಡುಗೆಮನೆಯ ತಕ್ಕಡಿಯಲ್ಲಿ ಮೂರು ಸಲ ತೂಗಿದೆ. ನೀವು ಮಾಡಿದ ಬಲ ರೆಕ್ಕೆ ನನ್ನ ಎಡ ರೆಕ್ಕೆಗಿಂತ ಏಳು ಗ್ರಾಂ ಭಾರ. ಅಂಟು ಹಾಕುವುದರಲ್ಲಿ ನಿಮ್ಮ ಧಾರಾಳ ಗೊತ್ತಿದ್ದದ್ದೇ. ಉಜ್ಜಲು ಹೋಗಬೇಡಿ, ಎರಡೂ ಕಡೆ ಸಮ ನಿಲ್ಲುವವರೆಗೆ ಎಡ ತುದಿಗೆ ಕ್ಲೇ ಮೆತ್ತಿ. ರಿಮೋಟನ್ನು ಶನಿವಾರವೇ ಚಾರ್ಜಿಗೆ ಹಾಕಿ.

ನೀವು ಮಲಗಿದ್ದಾಗ ನಿಮ್ಮ ಸೂಪರ್‌ವೈಸರ್ ಫೋನ್ ಮಾಡಿದ್ದರು.

‘ಭಾನುವಾರ ಒಂದು ಪಾಳಿ ಬರ್ತಾರಾ, ಕೇಳಮ್ಮ.’

‘ಆಗಲ್ಲ ಸರ್, ವಿಮಾನ ಇದೆ.’

‘ಎಲ್ಲಿಗೆ?’

‘ಮೈದಾನದ ಆ ತುದಿಗೆ.’

ನಕ್ಕರು, ಆದರೆ ಮತ್ತೆ ಕೇಳುತ್ತಾರೆ. ಹೋದ ಎರಡು ಭಾನುವಾರದ ಹಾಗೆ ದಾಕ್ಷಿಣ್ಯಕ್ಕೆ ಹೂಂ ಅನ್ನಬೇಡಿ. ಇದು ಒಬ್ಬರಿಂದ ಆಗುವ ಕೆಲಸವಲ್ಲ. ಒಬ್ಬರು ರಿಮೋಟ್ ಹಿಡಿಯಬೇಕು, ಇನ್ನೊಬ್ಬರು ಓಡಿ ಎಸೆಯಬೇಕು.

ನಿಮಗೆ ರಾತ್ರಿ ಪಾಳಿ, ನನಗೆ ಹಗಲು. ಎಚ್ಚರವಿರುವ ನಿಮ್ಮನ್ನು ನೋಡಿ ಹತ್ತೊಂಬತ್ತು ದಿನವಾಯಿತು. ಮಲಗಿದ್ದಾಗ ನೋಡಿದ್ದು ಲೆಕ್ಕಕ್ಕಿಲ್ಲ.

ಎಸೆಯುವುದು ನಾನೇ. ಆಮೇಲೆ ಗ್ಲೈಡರ್ ಮೇಲಿರುವಷ್ಟು ಹೊತ್ತು ನಿಮ್ಮ ಕಣ್ಣು ಆಕಾಶದಲ್ಲಿರುತ್ತದೆ, ನಾನು ನಿಮ್ಮನ್ನೇ ನೋಡುತ್ತ ನಿಲ್ಲಬಹುದು.

ಬೇಗ ಇಳಿಸಬೇಡಿ.